ಕಣ್ಣು ಸರಿಯಿದೆ, ಮಗು ಏಕೆ ನೋಡುತ್ತಿಲ್ಲ?



ಸಿಂಗಟಗೆರೆ, ಪಂಚನಹಳ್ಳಿ, ಯಗಟಿ, ಚೌಳಹಿರಿಯೂರು ಕಡೆಯ ತೋಟದ ಮನೆಗಳಲ್ಲಿ, ಅಜ್ಜಂಪುರ, ತರೀಕೆರೆ ಸುತ್ತಿನ ಹಳ್ಳಿಗಳಲ್ಲಿ ರೇಡಿಯೊ ಹಾಕಿಕೊಂಡು ಕೂತಿರುವ ಬಾಣಂತಿಯರಿಗೆ, ಅವರನ್ನು ನೋಡಿಕೊಳ್ಳುವ ಅಜ್ಜಿಯರಿಗೆ, ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿ ಟೀಚರುಗಳಿಗೆ ಇವತ್ತಿನ ನನ್ನ ಮಾತು. ಗಂಡಸರೂ ಕೇಳಬೇಕು. ಮಗುವನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕೋ ಬೇಡವೋ ಎಂಬ ತೀರ್ಮಾನ ಇನ್ನೂ ಎಷ್ಟೋ ಮನೆಗಳಲ್ಲಿ ಅವರ ಕೈಯಲ್ಲೇ ಇದೆ.

ಹುಟ್ಟುವಾಗಲೋ ಹುಟ್ಟಿದ ಮೊದಲ ದಿನಗಳಲ್ಲೋ ಮಿದುಳಿಗೆ ಪೆಟ್ಟು ಬಿದ್ದ ಕೂಸುಗಳಲ್ಲಿ ಕೆಲವಕ್ಕೆ ಕಣ್ಣುಗುಡ್ಡೆ ಚೆನ್ನಾಗಿರುತ್ತದೆ, ರೆಪ್ಪೆ ಚೆನ್ನಾಗಿರುತ್ತದೆ, ಡಾಕ್ಟರು ಬ್ಯಾಟರಿ ಬಿಟ್ಟರೆ ಪಾಪೆ ಕಿರಿದಾಗುತ್ತದೆ. ಆದರೂ ಮಗು ತಾಯಿಯ ಮುಖ ನೋಡುವುದಿಲ್ಲ. ವೈದ್ಯರು ಇದನ್ನು ಸೆರೆಬ್ರಲ್ ವಿಷುಯಲ್ ಇಂಪೇರ್‌ಮೆಂಟ್ ಎನ್ನುತ್ತಾರೆ, ಚೀಟಿಯಲ್ಲಿ ಚುಟುಕಾಗಿ ಸಿ.ವಿ.ಐ. ಎಂದು ಬರೆಯುತ್ತಾರೆ. ಮಿದುಳಿನಿಂದ ಬಂದ ದೃಷ್ಟಿದೋಷ ಎಂದು ನಾವು ಹೇಳಿಕೊಳ್ಳಬಹುದು. ಮುಂದುವರಿದ ದೇಶಗಳಲ್ಲಿ ಮಕ್ಕಳ ದೃಷ್ಟಿದೋಷಕ್ಕೆ ಇವತ್ತು ಮೊದಲ ಕಾರಣ ಇದೇ. ನಮ್ಮಲ್ಲೂ ಇಂಥ ಮಕ್ಕಳು ಹೆಚ್ಚುತ್ತಿದ್ದಾರೆ. ಏಕೆ ಹೆಚ್ಚುತ್ತಿದ್ದಾರೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಿನ ಕಾಲಕ್ಕೆ ಹೋಗಬೇಕು.

ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಮಕ್ಕಳ ಕಣ್ಣು ಹೋಗುತ್ತಿದ್ದುದು ಸಿಡುಬಿನಿಂದ, ದಡಾರದಿಂದ, ಎ ಜೀವಸತ್ವದ ಕೊರತೆಯಿಂದ, ಹೆರಿಗೆಯ ಹೊತ್ತಿನಲ್ಲಿ ಸೋಂಕು ತಗಲಿ ಕೀವುಗಟ್ಟಿದ್ದರಿಂದ. ಗದುಗಿನ ಪುಟ್ಟರಾಜ ಗವಾಯಿಗಳು ಹುಟ್ಟಿದ್ದು 1914ರಲ್ಲಿ, ಅವರೂ ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. ಆ ಕಾಲದ ರೋಗಗಳು ಹಾಳು ಮಾಡುತ್ತಿದ್ದುದು ಬಹುತೇಕ ಕಣ್ಣಿನ ಮುಂಭಾಗವನ್ನು. ಕರಿಗುಡ್ಡೆಯ ಮೇಲೆ ಬಿಳಿ ಹೂ ಬಿದ್ದದ್ದು ದಾರಿಹೋಕನಿಗೂ ಕಾಣುತ್ತಿತ್ತು. ಸರ್ಕಾರ 1970ರಲ್ಲಿ ಎ ಜೀವಸತ್ವದ ದ್ರಾವಣ ಕುಡಿಸುವ ಕಾರ್ಯಕ್ರಮ ಆರಂಭಿಸಿತು, 1977ರಲ್ಲಿ ಭಾರತ ಸಿಡುಬಿನಿಂದ ಮುಕ್ತವಾಯಿತು ಎಂದು ಸಾರಲಾಯಿತು. ದಡಾರದ ಲಸಿಕೆ ಬಂತು, ಹೆರಿಗೆಗಳು ಆಸ್ಪತ್ರೆಗೆ ಬಂದವು. ಕಣ್ಣಲ್ಲಿ ಹೂ ಬಿದ್ದ ಮಕ್ಕಳು ಅಪರೂಪವಾದರು.

ಆಮೇಲೆ ತೊಂದರೆ ಕಣ್ಣಿನ ಹಿಂಭಾಗಕ್ಕೆ ಸರಿಯಿತು. ಏಳು ತಿಂಗಳಿಗೆ ಹುಟ್ಟಿದ, ಒಂದೂವರೆ ಕಿಲೋ ತೂಗದ ಕೂಸುಗಳು ಮೊದಲು ಬದುಕುತ್ತಿರಲಿಲ್ಲ. ನವಜಾತ ಶಿಶು ಘಟಕಗಳು ಬಂದ ಮೇಲೆ ಬದುಕತೊಡಗಿದವು. ಅವುಗಳ ಅಕ್ಷಿಪಟಲದಲ್ಲಿ, ಅಂದರೆ ರೆಟಿನಾದಲ್ಲಿ, ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿ ಹೋಗುವ ಕಾಯಿಲೆಗೆ ಆರ್.ಒ.ಪಿ. ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಇದು ಯಾರಿಗೂ ಕಾಣದು, ಉಪಕರಣ ಬೇಕು. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ಮಾದರಿಯಾದ ಕೆಲಸ ಮಾಡಿದೆ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ಅವರ ತಂಡ ಕಿಡ್‌ರಾಪ್ ಎಂಬ ಯೋಜನೆ ಆರಂಭಿಸಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾವನ್ನು ವಾಹನದಲ್ಲಿಟ್ಟುಕೊಂಡು ಜಿಲ್ಲೆ ಜಿಲ್ಲೆಯ ಶಿಶು ಘಟಕಗಳಿಗೆ ಹೋಗಿ ಕೂಸಿನ ಕಣ್ಣಿನ ಒಳಗನ್ನು ಚಿತ್ರ ತೆಗೆಯುತ್ತಾರೆ, ಆ ಚಿತ್ರವನ್ನು ತಜ್ಞರು ಬೆಂಗಳೂರಿನಲ್ಲಿ ಕೂತು ನೋಡಿ ಹೇಳುತ್ತಾರೆ. 34 ವಾರ ತುಂಬುವ ಮೊದಲೇ ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಗಿದ ಪ್ರತಿ ಕೂಸಿಗೂ ಹುಟ್ಟಿದ 30 ದಿನದೊಳಗೆ ಈ ಪರೀಕ್ಷೆ ಆಗಲೇಬೇಕು. ತೀರಾ ಚಿಕ್ಕ ಕೂಸಾದರೆ ಎರಡು ಮೂರು ವಾರದಲ್ಲೇ ಆಗಬೇಕು.

ಈಗ ತೊಂದರೆ ಇನ್ನೂ ಹಿಂದಕ್ಕೆ, ಮಿದುಳಿಗೆ ಸರಿದಿದೆ. ಮೊದಲನೆಯದನ್ನು ಬರಿಗಣ್ಣು ಕಾಣುತ್ತಿತ್ತು, ಎರಡನೆಯದನ್ನು ಕ್ಯಾಮೆರಾ ಕಾಣುತ್ತದೆ. ಈ ಮೂರನೆಯದಕ್ಕೆ ಕಣ್ಣಿನ ಕ್ಯಾಮೆರಾ ಹಿಡಿದರೆ ಅದು ಬಹಳ ಸಲ ಎಲ್ಲ ಸರಿಯಿದೆ ಎಂದೇ ಹೇಳುತ್ತದೆ. ಇದನ್ನು ಹಿಡಿಯಬೇಕಾದರೆ ಯಾರಾದರೂ ಮಗುವಿನ ಎದುರು ಕೂತು, ಅದು ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಎಂದು ಗಮನಿಸಬೇಕು. ಆ ಕೆಲಸಕ್ಕೆ ಮನೆಯವರಿಗಿಂತ ಸಮರ್ಥರು ಬೇರೆ ಇಲ್ಲ.

ನಾವು ನೋಡುವುದು ಕಣ್ಣಿನಿಂದಷ್ಟೇ ಅಲ್ಲ. ಒಂದೊಂದು ಕಣ್ಣಿನಿಂದಲೂ ಹತ್ತು ಲಕ್ಷಕ್ಕೂ ಹೆಚ್ಚು ನರದೆಳೆಗಳು ಹೊರಟು, ಮಿದುಳಿನ ನಡುಭಾಗ ತಲುಪಿ ಮುಂದಿನ ನರಮಾರ್ಗಕ್ಕೆ ಸುದ್ದಿ ಒಪ್ಪಿಸುತ್ತವೆ. ಆ ಮಾರ್ಗ ತಲೆಯ ಹಿಂಭಾಗದ ತನಕ ಹೋಗುತ್ತದೆ. ಇದು ಬೆಳಕು, ಇದು ಅಂಚು, ಇದು ಅಮ್ಮ ಎಂದು ಗುರುತಾಗುವುದು ಅಲ್ಲಿ ಮತ್ತು ಅದರ ಸುತ್ತಲಿನ ಭಾಗಗಳಲ್ಲಿ. ಬೆಳಕಿಗೆ ಪಾಪೆ ಕಿರಿದಾಗುವ ಕ್ರಿಯೆಗೆ ಬೇರೆ ದಾರಿ ಇದೆ, ಅದು ಮಿದುಳಿನ ಕಾಂಡದಲ್ಲೇ ಮುಗಿದುಹೋಗುತ್ತದೆ. ಅದಕ್ಕೇ ಹಿಂದಲೆಯ ಭಾಗ ಹಾಳಾದ ಮಗುವಿನಲ್ಲೂ ಬ್ಯಾಟರಿ ಪರೀಕ್ಷೆ ಸರಿಯಾಗಿ ಬರುತ್ತದೆ.

ಮಿದುಳಿಗೆ ಪೆಟ್ಟು ಹೇಗೆ ಬೀಳುತ್ತದೆ? ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಉಸಿರು. ಹೆರಿಗೆ ತಡವಾಗಿ, ಕರುಳಬಳ್ಳಿ ಸುತ್ತಿಕೊಂಡು, ಇಲ್ಲವೆ ಬೇರೆ ಕಾರಣಕ್ಕೆ ಕೂಸಿಗೆ ಆಮ್ಲಜನಕ ಸಾಲದೆ ಹೋದರೆ ಅದು ಹುಟ್ಟಿದಾಗ ಅಳುವುದಿಲ್ಲ. ಮೊದಲ ಒಂದು ನಿಮಿಷದೊಳಗೆ ಉಸಿರು ಕೊಡುವ ಚೀಲ ಮತ್ತು ಮುಖವಾಡ ಹಿಡಿದ ನುರಿತ ಕೈ ಪಕ್ಕದಲ್ಲಿರಬೇಕು. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ ಎಂದು ನಾವು ಮತ್ತೆ ಮತ್ತೆ ಹೇಳುವುದು ಇದಕ್ಕೇ. ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಓಡಾಡತೊಡಗಿದ್ದು 2008ರ ನವೆಂಬರಿನಿಂದ. ನೋವು ಶುರುವಾದ ಮೇಲೆ ಒಳ್ಳೆಯ ಗಳಿಗೆ ಕಾಯದೆ ಆ ನಂಬರಿಗೆ ಫೋನ್ ಮಾಡಿ.

ಎರಡನೆಯದು ದಿನ ತುಂಬದೆ ಹುಟ್ಟುವುದು. ಭಾರತದಲ್ಲಿ 2020ರಲ್ಲಿ ಸುಮಾರು 30 ಲಕ್ಷ ಕೂಸುಗಳು ದಿನ ತುಂಬುವ ಮೊದಲೇ ಹುಟ್ಟಿದವು, ಜಗತ್ತಿನ ಬೇರೆ ಯಾವ ದೇಶದಲ್ಲೂ ಅಷ್ಟು ಹುಟ್ಟಲಿಲ್ಲ. ಇಂಥ ಕೂಸಿನ ಮಿದುಳಿನೊಳಗೆ ನೀರು ತುಂಬಿದ ಕುಹರಗಳ ಪಕ್ಕದ ಭಾಗ ಬಹಳ ನಾಜೂಕು. ಅಲ್ಲಿ ರಕ್ತ ಸಾಲದಾದರೆ ನರದೆಳೆಗಳು ಸಾಯುತ್ತವೆ. ಕಾಲನ್ನು ಆಡಿಸುವ ಎಳೆಗಳು ಅಲ್ಲೇ ಹತ್ತಿರದಲ್ಲಿ ಹಾಯುತ್ತವೆ, ಕೆಳಗಡೆಯ ನೋಟದ ಎಳೆಗಳೂ ಅಲ್ಲೇ ಹಾಯುತ್ತವೆ. ಹಾಗಾಗಿ ಏಳು ತಿಂಗಳಿಗೆ ಹುಟ್ಟಿ, ಕಾಲು ಬಿಗಿಯಾಗಿ ತುದಿಗಾಲಲ್ಲಿ ನಡೆಯುವ ಮಗು ಹೊಸಿಲಿಗೆ ಎಡವಿದರೆ ಅದು ಬರೀ ಕಾಲಿನ ದೋಷ ಎಂದು ತಿಳಿಯಬೇಡಿ. ಅದಕ್ಕೆ ಹೊಸಿಲು ಕಾಣದೇ ಇರಬಹುದು. ಊಟಕ್ಕೆ ಕೂರಿಸಿದಾಗ ನೋಡಿ. ತಟ್ಟೆಯ ಆಚೆ ಬದಿಯ ಅನ್ನ ಉಂಡು, ತನ್ನ ಎದೆಯ ಕಡೆ ಇರುವ ಮುದ್ದೆಯನ್ನು ಮುಟ್ಟದೆ ಎದ್ದರೆ, ಮುದ್ದೆ ಬೇಡವಾಗಿದೆ ಎಂದು ಗದರುವ ಮುಂಚೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿಡಿ. ಆಗ ತಿಂದರೆ ಉತ್ತರ ಸಿಕ್ಕಿತು.

ಮೂರನೆಯದು, ನಮ್ಮ ಕೈಯಲ್ಲಿ ಬಹಳಷ್ಟು ಮಟ್ಟಿಗೆ ತಡೆಯಬಹುದಾದದ್ದು: ರಕ್ತದಲ್ಲಿ ಸಕ್ಕರೆ ಇಳಿಯುವುದು. ಸಕ್ಕರೆ ಕಾಯಿಲೆ ಎಂದರೆ ನಮಗೆ ಹೆಚ್ಚಾಗುವುದಷ್ಟೇ ಗೊತ್ತು. ಹುಟ್ಟಿದ ಕೂಸಿಗೆ ಅದು ಇಳಿದರೆ ಅಪಾಯ. ಸಕ್ಕರೆ ತೀರಾ ಇಳಿದರೆ ಮೊದಲು ನರಳುವುದು ಹಿಂದಲೆಯ ಭಾಗ, ನೋಟ ನಡೆಯುವ ಜಾಗ. ಮುಂಬೈಯ ಮಕ್ಕಳ ನರರೋಗ ತಜ್ಞ ಡಾ. ವ್ರಜೇಶ್ ಉದಾನಿ ಮತ್ತು ಸಂಗಡಿಗರು ಎಳೆಯ ಮಕ್ಕಳಲ್ಲಿ ಶುರುವಾಗುವ ಮೂರ್ಛೆರೋಗಕ್ಕೆ ಇದು ಸಾಮಾನ್ಯ ಕಾರಣ ಎಂದು 2009ರಲ್ಲೇ ಬರೆದಿದ್ದಾರೆ. ತೂಕ ಕಡಿಮೆ ಇರುವ ಕೂಸು, ಸಕ್ಕರೆ ಕಾಯಿಲೆ ಇರುವ ತಾಯಿಯ ಕೂಸು, ಮೊದಲ ಎರಡು ಮೂರು ದಿನ ಹಾಲು ಸಾಲದ ಕೂಸು, ಇವುಗಳಿಗೆ ಅಪಾಯ ಹೆಚ್ಚು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮೊದಲ ಹಾಲು ಕೆಟ್ಟದ್ದು ಎಂದು ಹಿಂಡಿ ಚೆಲ್ಲುವುದು, ಮೂರನೇ ದಿನದವರೆಗೆ ಸಕ್ಕರೆ ನೀರು, ಜೇನುತುಪ್ಪ ನೆಕ್ಕಿಸುವುದು ಇನ್ನೂ ಅಲ್ಲಲ್ಲಿ ನಡೆಯುತ್ತದೆ. ಅಜ್ಜಂಪುರದ ಅಮೃತ ಮಹಲ್ ದನಗಳ ಸೀಮೆಯಲ್ಲಿ ಇದನ್ನು ಯಾರೂ ಕರುವಿಗೆ ಮಾಡುವುದಿಲ್ಲ. ಹಸು ಈದ ಕೂಡಲೆ ಕರು ಎದ್ದು ಕೆಚ್ಚಲಿಗೆ ಬಾಯಿ ಹಾಕಬೇಕು, ಗಿಣ್ಣು ಕುಡಿಯಬೇಕು, ಇಲ್ಲದಿದ್ದರೆ ಕರು ಉಳಿಯುವುದು ಕಷ್ಟ ಎಂದು ದನ ಕಟ್ಟಿದವರಿಗೆಲ್ಲ ಗೊತ್ತು. ಕರುವಿಗೆ ಕೊಡುವ ಮರ್ಯಾದೆಯನ್ನು ಮನೆಯ ಕೂಸಿಗೂ ಕೊಡೋಣ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು. ಆಮೇಲೆ ಹಗಲು ರಾತ್ರಿ ಎರಡು ಮೂರು ಗಂಟೆಗೊಮ್ಮೆ. ಚಿಕ್ಕ ಕೂಸಾದರೆ ತಾಯಿಯ ಎದೆಗೆ ಅಂಟಿಸಿ ಬೆಚ್ಚಗಿಡುವುದು. ಕೂಸು ಮಂಕಾಗಿ ಮಲಗಿಯೇ ಇದ್ದರೆ, ಎಬ್ಬಿಸಿದರೂ ಚೀಪದಿದ್ದರೆ, ಕೈಕಾಲು ಅದುರಿದರೆ ಅದು ಸಾಧು ಕೂಸು ಎಂದು ಖುಷಿಪಡಬೇಡಿ. ಕೂಡಲೆ ಆಸ್ಪತ್ರೆಗೆ ಹೋಗಿ ಸಕ್ಕರೆ ನೋಡಿಸಿ. ಒಂದು ಹನಿ ರಕ್ತದ ಪರೀಕ್ಷೆ ಅದು.

ಇವಲ್ಲದೆ ಮಿದುಳು ಪೊರೆಯ ಸೋಂಕು, ತಲೆಯಲ್ಲಿ ನೀರು ತುಂಬುವುದು, ಮಿದುಳಿನಲ್ಲಿ ರಕ್ತಸ್ರಾವ, ಇವೂ ಕಾರಣಗಳೇ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಗೆ ಬಂದ ಇಂಥ ಮಕ್ಕಳನ್ನು ವೈದ್ಯರು ಪರಿಶೀಲಿಸಿದಾಗ ಹುಟ್ಟುವಾಗ ಆಮ್ಲಜನಕ ಸಾಲದ್ದೇ ಎಲ್ಲಕ್ಕಿಂತ ದೊಡ್ಡ ಕಾರಣವಾಗಿ ಕಂಡಿತು.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಸಿಂಗಟಗೆರೆಯ ಕಲ್ಲೇಶ್ವರನ ಗುಡಿಯಿಂದ ಆಚೆಗೆ ಯಾವುದೋ ತೋಟದ ಮನೆ ಎಂದುಕೊಳ್ಳಿ. ಕೂಸು ಹುಟ್ಟಿದಾಗ ಅಳಲಿಲ್ಲ, ಜಿಲ್ಲಾಸ್ಪತ್ರೆಯ ಶಿಶು ಘಟಕದಲ್ಲಿ ಕೆಲವು ದಿನ ಇತ್ತು, ಆಮೇಲೆ ಮನೆಗೆ ಬಂತು. ತೂಕ ಏರಿತು, ಎಲ್ಲರೂ ನಿರಾಳರಾದರು. ನಾಲ್ಕನೇ ತಿಂಗಳಲ್ಲಿ ನೀರು ಹಾಕುವಾಗ ಅಜ್ಜಿ ಹೇಳುತ್ತಾಳೆ: "ದನಿ ಕೇಳಿದ್ರೆ ನಗ್ತೈತೆ, ಮಕ ಮಾತ್ರ ನೋಡಲ್ಲ ಕಣಮ್ಮ. ಯಾವಾಗ್ಲೂ ಕಿಟಕಿ ಕಡೇನೇ ಕಣ್ಣು." ತಾಯಿಗೆ ಎದೆ ಧಸಕ್ಕೆನ್ನುತ್ತದೆ. ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ಕಣ್ಣಿಗೆ ಹರಳೆಣ್ಣೆ ಬಿಡುತ್ತಾರೆ. ಕೊನೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಕಣ್ಣು ಸರಿಯಿದೆ ಎಂಬ ಉತ್ತರ. ಇನ್ನೊಬ್ಬರು ಮಗುವಿಗೆ ಕಣ್ಣು ಕಾಣಿಸುವುದಿಲ್ಲ, ಏನೂ ಮಾಡಲಾಗದು ಎನ್ನುತ್ತಾರೆ. ಮನೆಯವರು ಯಾವುದನ್ನು ನಂಬಬೇಕು? ಎರಡು ಮಾತೂ ಅರ್ಧ ನಿಜ. ಕಣ್ಣು ಸರಿಯಿರಬಹುದು, ನೋಟ ಸರಿಯಿಲ್ಲ. ಈಗ ಕಾಣದೆ ಇರಬಹುದು, ಆದರೆ ಮಾಡಲು ಬಹಳ ಇದೆ.

ಅಜ್ಜಿ ಗಮನಿಸಿದ್ದು ಇದೆಯಲ್ಲ, ಅದು ದೊಡ್ಡ ರೋಗಪತ್ತೆ. ಲಕ್ಷಣಗಳನ್ನು ಒಂದೊಂದಾಗಿ ಹೇಳುತ್ತೇನೆ, ಹತ್ತಿರದಲ್ಲಿ ಕಾಗದ ಇದ್ದರೆ ಬರೆದುಕೊಳ್ಳಿ. ಮಗು ಕಿಟಕಿ, ಬಲ್ಬು ಇಂಥ ಬೆಳಕನ್ನೇ ದಿಟ್ಟಿಸುತ್ತದೆ. ಎದುರಿನ ವಸ್ತುವನ್ನು ನೇರ ನೋಡದೆ ಓರೆಗಣ್ಣಲ್ಲಿ ನೋಡುತ್ತದೆ. ಕೈ ಚಾಚುವಾಗ ಮುಖ ಬೇರೆ ಕಡೆ ತಿರುಗಿಸುತ್ತದೆ. ಸುಮ್ಮನೆ ಇಟ್ಟ ಆಟಿಕೆ ಕಾಣದು, ಅಲ್ಲಾಡಿಸಿದರೆ ಕಾಣುತ್ತದೆ. ಕೆಂಪು, ಹಳದಿ ಬಣ್ಣಕ್ಕೆ ಕಣ್ಣು ಹೋಗುತ್ತದೆ, ಬೇರೆಯದಕ್ಕೆ ಹೋಗದು. ಬೆಳಿಗ್ಗೆ ನೋಡಿದ ಮಗು ಸಂಜೆ ನೋಡದು, ಮನೆಯಲ್ಲಿ ನೋಡುವ ಮಗು ಮದುವೆ ಮನೆಯ ಗದ್ದಲದಲ್ಲಿ ನೋಡದು. ಕೊನೆಯದು ಮನೆಯವರನ್ನು ಬಹಳ ಗೊಂದಲಕ್ಕೆ ತಳ್ಳುತ್ತದೆ. ಬೇಕೆಂದಾಗ ನೋಡುತ್ತಾನೆ, ಹಟಮಾರಿ ಎಂದುಬಿಡುತ್ತಾರೆ. ಅದು ಹಟವಲ್ಲ. ಹಸಿವು, ನಿದ್ದೆ, ಜ್ವರ, ಫಿಟ್ಸ್, ಗಲಾಟೆ, ಇವುಗಳಲ್ಲಿ ಯಾವುದಿದ್ದರೂ ಪೆಟ್ಟು ತಿಂದ ಮಿದುಳಿಗೆ ನೋಡುವ ಶಕ್ತಿ ಉಳಿಯುವುದಿಲ್ಲ.

ಅಲ್ಲಾಡಿದರೆ ಕಾಣುತ್ತದೆ, ಸುಮ್ಮನಿದ್ದರೆ ಕಾಣದು ಎಂಬುದು ವಿಚಿತ್ರವಾಗಿ ಕೇಳಿಸುತ್ತದೆ. ಇದನ್ನು ಮೊದಲು ವಿವರವಾಗಿ ದಾಖಲಿಸಿದ್ದು ಯುದ್ಧದ ಗಾಯಾಳುಗಳಲ್ಲಿ. ರಷ್ಯ ಜಪಾನ್ ಯುದ್ಧದಲ್ಲಿ ತಲೆಗೆ ಗುಂಡು ತಗಲಿ ಬದುಕುಳಿದ ಸೈನಿಕರಿಗೆ ಪಿಂಚಣಿ ಎಷ್ಟು ಕೊಡಬೇಕೆಂದು ಲೆಕ್ಕ ಹಾಕಲು ತತ್ಸುಜಿ ಇನೊಯೆ ಎಂಬ ಜಪಾನಿ ಕಣ್ಣಿನ ವೈದ್ಯರು ಯಾರಿಗೆ ನೋಟದ ಯಾವ ಭಾಗ ಹೋಗಿದೆ ಎಂದು ಅಳೆಯುತ್ತಾ ಹೋದರು. ಹಿಂದಲೆಯಲ್ಲಿ ನೋಟದ ನಕ್ಷೆ ಹೇಗಿದೆ ಎಂಬುದನ್ನು 1909ರಲ್ಲಿ ಪ್ರಕಟಿಸಿದರು. ಮೊದಲ ಮಹಾಯುದ್ಧದಲ್ಲಿ ಜಾರ್ಜ್ ರಿಡಾಕ್ ಎಂಬ ಬ್ರಿಟಿಷ್ ವೈದ್ಯರು ಅಂಥದೇ ಗಾಯಾಳುಗಳನ್ನು ನೋಡಿ, ಕುರುಡಾದ ಭಾಗದಲ್ಲೂ ಚಲಿಸುವ ವಸ್ತು ಕೆಲವರಿಗೆ ಗೊತ್ತಾಗುತ್ತದೆ ಎಂದು 1917ರಲ್ಲಿ ಬರೆದರು. ಚಲನೆಯ ಅರಿವಿಗೆ ಮಿದುಳಿನಲ್ಲಿ ಬೇರೆ ದಾರಿಗಳೂ ಇವೆ ಎಂಬುದು ಇವತ್ತು ತಿಳಿದಿದೆ. ಸೈನಿಕರಲ್ಲಿ ಕಂಡ ಆ ಸಂಗತಿಯೇ ನಮ್ಮ ತೊಟ್ಟಿಲ ಕೂಸಿಗೆ ದಾರಿ ತೋರಿಸುತ್ತಿದೆ. ಸುಮ್ಮನೆ ಹಿಡಿದರೆ ಕಾಣದ ಕೆಂಪು ಬಳೆಯನ್ನು ಅಲ್ಲಾಡಿಸಿ ತೋರಿಸಿ.

ಸೈನಿಕನಿಗೂ ಕೂಸಿಗೂ ಒಂದು ವ್ಯತ್ಯಾಸ ಇದೆ, ಅದು ಕೂಸಿನ ಪರವಾಗಿದೆ. ಕೂಸಿನ ಮಿದುಳು ಇನ್ನೂ ಹೆಣೆದುಕೊಳ್ಳುತ್ತಿರುತ್ತದೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಮೇಲೆ ಪ್ರಯೋಗ ಮಾಡಿ, ಎಳೆತನದಲ್ಲಿ ನೋಟದ ಅನುಭವ ಸಿಗದಿದ್ದರೆ ಮಿದುಳಿನ ಆ ಭಾಗ ಸರಿಯಾಗಿ ಬೆಳೆಯುವುದಿಲ್ಲ ಎಂದು ತೋರಿಸಿದರು. 1981ರಲ್ಲಿ ಅವರಿಗೆ ನೊಬೆಲ್ ಬಂತು. ನೋಡಿ ನೋಡಿಯೇ ನೋಟ ಕಲಿಯಬೇಕು, ಅದಕ್ಕೆ ಮೊದಲ ತಿಂಗಳುಗಳಷ್ಟು ಒಳ್ಳೆಯ ಕಾಲ ಮತ್ತೆ ಬರುವುದಿಲ್ಲ. ಸತ್ತ ನರಕೋಶವನ್ನು ಬದುಕಿಸಲಾಗದು. ಉಳಿದವಕ್ಕೆ ಕೆಲಸ ಕಲಿಸಬಹುದು. ಈ ಮಕ್ಕಳಲ್ಲಿ ಬಹಳ ಮಂದಿಗೆ ವರ್ಷ ಕಳೆದಂತೆ ನೋಟ ಸುಧಾರಿಸುತ್ತದೆ. ಎಷ್ಟು ಎಂಬುದು ಪೆಟ್ಟಿನ ಮೇಲೂ, ನಾವು ಎಷ್ಟು ಬೇಗ ಶುರು ಮಾಡಿದೆವು ಎಂಬುದರ ಮೇಲೂ ನಿಂತಿದೆ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ದುಬಾರಿ ಆಟಿಕೆ ಬೇಡ. ನಮ್ಮ ಕಡೆ ಮನೆಯಲ್ಲಿ ಒಂದು ಕರಿ ಕಂಬಳಿ ಇದ್ದೇ ಇರುತ್ತದೆ. ಅದನ್ನು ಗೋಡೆಗೆ ಇಳಿಬಿಡಿ, ಇಲ್ಲವೆ ಮಗುವಿನ ಮುಂದೆ ಹಾಸಿ. ಅದರ ಮೇಲೆ ಒಂದೇ ಒಂದು ವಸ್ತು ಇರಲಿ, ಕೆಂಪೋ ಹಳದಿಯೋ. ದೊಡ್ಡ ಕೆಂಪು ಬಳೆ, ಹಳದಿ ಪ್ಲಾಸ್ಟಿಕ್ ಲೋಟ, ಬೆಳಕಿಗೆ ಮಿನುಗುವ ಸ್ಟೀಲ್ ಚೊಂಬು, ಯಾವುದಾದರೂ ಸರಿ. ಹೂವಿನ ಚಿತ್ತಾರದ ಬೆಡ್‌ಶೀಟ್, ಕ್ಯಾಲೆಂಡರು, ಬಣ್ಣಬಣ್ಣದ ಹತ್ತು ಗೊಂಬೆ, ಇವನ್ನೆಲ್ಲ ಆ ಜಾಗದಿಂದ ತೆಗೆಯಿರಿ. ಮಗುವಿಗೆ ಹೊಟ್ಟೆ ತುಂಬಿರುವಾಗ, ಎಚ್ಚರವಾಗಿ ಖುಷಿಯಾಗಿರುವಾಗ, ಕುತ್ತಿಗೆಗೆ ಆಸರೆ ಕೊಟ್ಟು ಕೂರಿಸಿಕೊಳ್ಳಿ. ಟೀವಿ ನಿಲ್ಲಿಸಿ. ಬಳೆಯನ್ನು ಒಂದು ಮೊಳ ದೂರದಲ್ಲಿ, ಮಗು ಹೆಚ್ಚಾಗಿ ತಿರುಗುವ ಬದಿಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಈಗ ಕಷ್ಟದ ಕೆಲಸ: ಸುಮ್ಮನಿರಿ. "ನೋಡು ಪುಟ್ಟಾ, ಇಲ್ಲಿ ನೋಡು" ಎಂದು ಒಂದೇ ಸಮನೆ ಕೂಗಬೇಡಿ, ಕೇಳುವುದು ನೋಡುವುದು ಎರಡನ್ನೂ ಒಟ್ಟಿಗೆ ಮಾಡಲು ಈ ಮಗುವಿಗೆ ಆಗದು. ಮನಸ್ಸಿನಲ್ಲಿ ಹತ್ತರ ತನಕ ಎಣಿಸಿ, ಬೇಕಾದರೆ ಇಪ್ಪತ್ತರ ತನಕ. ಕಣ್ಣು ಮೆಲ್ಲಗೆ ಹೊರಳಿ ಬಳೆಯ ಮೇಲೆ ಒಂದು ಕ್ಷಣ ನಿಲ್ಲುತ್ತದೆ. ಆಗ ಬಳೆಯನ್ನು ಮಗುವಿನ ಕೈಗೆ ಮುಟ್ಟಿಸಿ, "ಬಳೆ" ಎಂದು ಹೇಳಿ, ಮುದ್ದು ಮಾಡಿ.

ಒಂದು ಸಲಕ್ಕೆ ಐದು ನಿಮಿಷ ಸಾಕು, ದಿನಕ್ಕೆ ಹಲವು ಸಲ ಆಗಲಿ. ದಿನಾ ಹೊಸ ವಸ್ತು ತರಬೇಡಿ, ಪರಿಚಯದ ವಸ್ತುವನ್ನೇ ಈ ಮಿದುಳು ಮೊದಲು ಗುರುತಿಸುವುದು. ಹಾಲು, ಗಂಜಿ ಕೊಡುವಾಗ ಕೆಂಪು ಚಮಚ ತೋರಿಸಿ, ನೋಡುವ ತನಕ ಕಾದು ಆಮೇಲೆ ಬಾಯಿಗಿಡಿ. ಹತ್ತಿರ ಬರುವ ಮುಂಚೆ "ಅಮ್ಮ ಬಂದೆ" ಎಂದು ಹೇಳಿ ಮುಟ್ಟಿ, ಸದ್ದಿಲ್ಲದೆ ಬಂದು ಎತ್ತಿದರೆ ಮಗು ಬೆಚ್ಚುತ್ತದೆ. ಬ್ಯಾಟರಿಯನ್ನು ವಸ್ತುವಿನ ಮೇಲೆ ಬಿಡಬಹುದು, ಕಣ್ಣಿಗೆ ನೇರ ಬಿಡಬಾರದು. ಸೂರ್ಯನನ್ನು ನೋಡಿಸಬಾರದು.

ಮಾಡಬಾರದ್ದು ಇನ್ನೂ ಇವೆ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ, ಕಾಡಿಗೆ, ಯಾವುದನ್ನೂ ಕಣ್ಣಿಗೆ ಹಾಕಬೇಡಿ. ಬರೆ ಹಾಕಿಸಬೇಡಿ. ಒಂದು ಇಂಜೆಕ್ಷನ್ನಿಗೆ ಮಿದುಳು ಹೊಸದಾಗುತ್ತದೆ, ಸ್ಟೆಮ್ ಸೆಲ್ ಹಾಕಿದರೆ ನೋಟ ಬರುತ್ತದೆ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಆ ಮಾತು ನಂಬಿ ತೆಂಗಿನ ತೋಟ ಅಡವಿಡಬೇಡಿ. ಇದಕ್ಕೆ ಅಂಥ ಸಾಬೀತಾದ ಚಿಕಿತ್ಸೆ ಇಲ್ಲ.

ಆದರೆ ಒಂದು ಲಕ್ಷಣ ಕಂಡರೆ ಮಾತ್ರ ಒಂದು ದಿನವೂ ಕಾಯಬಾರದು. ಮೂರು ತಿಂಗಳಿಂದ ಒಂದು ವರ್ಷದೊಳಗಿನ ಮಗು, ಹೆಚ್ಚಾಗಿ ನಿದ್ದೆಯಿಂದ ಎದ್ದಾಗ, ತಲೆ ಮುಂದಕ್ಕೆ ಬಾಗಿಸಿ ಕೈಗಳನ್ನು ಝಲ್ಲನೆ ಅಗಲಿಸಿ ಒಮ್ಮೆ ಮುದುಡುತ್ತದೆ, ಕೆಲವು ಸೆಕೆಂಡು ಬಿಟ್ಟು ಮತ್ತೆ, ಮತ್ತೆ, ಸಾಲಾಗಿ ಬರುತ್ತದೆ. ಮನೆಯವರು ಬೆಚ್ಚಿಬೀಳುತ್ತಿದೆ ಎನ್ನುತ್ತಾರೆ, ಹೊಟ್ಟೆನೋವು ಎನ್ನುತ್ತಾರೆ, ಬಾಲಗ್ರಹ ಎನ್ನುತ್ತಾರೆ. ಇದು ಒಂದು ಬಗೆಯ ಫಿಟ್ಸ್, ಇನ್‌ಫೆಂಟೈಲ್ ಸ್ಪಾಸಮ್ಸ್ ಎಂದು ಹೆಸರು. ಇದು ಶುರುವಾದರೆ ಇದ್ದಬದ್ದ ನೋಟವೂ ನಗುವೂ ಹೋಗುತ್ತದೆ. ಬೇಗ ಔಷಧ ಕೊಟ್ಟು ನಿಲ್ಲಿಸಿದರೆ ನೋಟ ಮರಳಿ ಬರುವುದೂ ಉಂಟು. ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಮಕ್ಕಳ ವೈದ್ಯರಿಗೆ ತೋರಿಸಿ. ಬಾಯಲ್ಲಿ ಹೇಳುವುದಕ್ಕಿಂತ ಅದು ಹೆಚ್ಚು ಉಪಯೋಗ.

ಎಲ್ಲಿಗೆ ಹೋಗಬೇಕು? ಕಡೂರು ತಾಲ್ಲೂಕು ಆಸ್ಪತ್ರೆಯಿಂದ ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಸುಮಾರು 40 ಕಿಲೋಮೀಟರು. ತರೀಕೆರೆ, ಬೀರೂರು ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ಅನುಕೂಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೆ ಬರುವ ವೈದ್ಯರ ತಂಡ ಇಂಥ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತದೆ. ಬೆಂಗಳೂರಿಗೆ ಹೋಗಲೇಬೇಕಾದರೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನಿಮ್ಹಾನ್ಸ್, ಮಿಂಟೊ ಕಣ್ಣಾಸ್ಪತ್ರೆ ಇವೆ, ಕಡೂರಿನಿಂದ ರೈಲಿದೆ. ಕಣ್ಣಿನ ವೈದ್ಯರು, ಮಕ್ಕಳ ನರರೋಗ ವೈದ್ಯರು ಇಬ್ಬರೂ ನೋಡಬೇಕು. ಈ ಮಕ್ಕಳಲ್ಲಿ ಮಾಲುಗಣ್ಣು, ಕನ್ನಡಕ ಬೇಕಾಗುವ ದೋಷ, ಕಣ್ಣಿನ ನರ ಬಿಳಿಚಿಕೊಂಡಿರುವುದು ಜೊತೆಗೇ ಇರಬಹುದು. ಒಂದು ವರ್ಷದ ಮಗುವಿಗೆ ಕನ್ನಡಕವೇ ಎಂದು ನಗಬೇಡಿ, ಬರೆದುಕೊಟ್ಟರೆ ಹಾಕಿ. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಚೀಟಿ, ಸ್ಕ್ಯಾನ್, ಎಲ್ಲವನ್ನೂ ಒಂದು ಚೀಲದಲ್ಲಿಟ್ಟು ಪ್ರತಿ ಸಲವೂ ಒಯ್ಯಿರಿ.

ಹಕ್ಕಿನ ಮಾತನ್ನೂ ಹೇಳಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಅದರಲ್ಲಿ ಕುರುಡುತನ, ಮಂದದೃಷ್ಟಿ, ಮಿದುಳಿನ ಪೆಟ್ಟಿನಿಂದ ಕೈಕಾಲಿನ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿ ಇವೆ. ಮಿದುಳಿನಿಂದ ಬಂದ ದೃಷ್ಟಿದೋಷ ಎಂಬ ಹೆಸರು ಪ್ರತ್ಯೇಕವಾಗಿ ಇಲ್ಲ. ಅಕ್ಷರದ ಪಟ್ಟಿ ಓದಿಸಿ ದೃಷ್ಟಿ ಅಳೆಯುವ ನಿಯಮದೊಳಗೆ, ಬೆಳಿಗ್ಗೆ ಕಂಡು ಸಂಜೆ ಕಾಣದ ಮಗು ಹಿಡಿಸುವುದಿಲ್ಲ. ಇದು ಸರಿಹೋಗಬೇಕು. ಅಲ್ಲಿಯವರೆಗೆ ಮಂದದೃಷ್ಟಿ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ಅಂಗವೈಕಲ್ಯದ ಅಡಿಯಲ್ಲಿ ಯು.ಡಿ.ಐ.ಡಿ. ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಮಾಡಿಸಿಕೊಳ್ಳಿ. ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗೆ ನಿರಾಮಯ ಎಂಬ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷದವರೆಗೆ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅರ್ಜಿ ತುಂಬಿಸುವುದು ಅವರ ಕೆಲಸ. ಹೋಗಿ ಕೇಳಿ.

ಮತ್ತೆ ತಾಯಿಯ ವಿಷಯ. ಇಂಥ ಮಗು ಹುಟ್ಟಿದ ಮನೆಯಲ್ಲಿ ಮಾತು ಮೊದಲು ತಿರುಗುವುದು ಸೊಸೆಯ ಕಡೆಗೆ. ಗ್ರಹಣದಲ್ಲಿ ಹೊರಗೆ ಬಂದಳು, ಬಸುರಿಯಾಗಿದ್ದಾಗ ಅದು ತಿಂದಳು ಎಂದು. ಉಸಿರು ಸಾಲದ್ದು, ದಿನ ತುಂಬದ್ದು, ಸಕ್ಕರೆ ಇಳಿದದ್ದು ಅವಳ ತಪ್ಪಲ್ಲ. ದಿನಕ್ಕೆ ಹಲವು ಸಲ ಕಂಬಳಿಯ ಮುಂದೆ ಮಗುವನ್ನು ಕೂರಿಸಿಕೊಂಡು ಹತ್ತರ ತನಕ ಎಣಿಸಬೇಕಾದವಳು ಅವಳೇ. ಅವಳಿಗೆ ನಿದ್ದೆ ಬೇಕು, ಊಟ ಬೇಕು, ಬೈಗುಳ ಬೇಡ. ಅಪ್ಪ, ಮಾವ, ಅತ್ತೆ ಸರದಿಯ ಮೇಲೆ ಆ ಐದು ನಿಮಿಷ ಕೂರಬಹುದು.

ಕೊನೆಗೆ ಆಶಾ ಕಾರ್ಯಕರ್ತೆಯರಿಗೆ ಒಂದು ಕೋರಿಕೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ನೀವು 3, 7, 14, 21, 28 ಮತ್ತು 42ನೇ ದಿನ ಹೋಗುತ್ತೀರಿ. ಮೂರನೇ ತಿಂಗಳು ಮತ್ತೆ ಹೋಗುತ್ತೀರಿ. ಹುಟ್ಟಿದಾಗ ಅಳದಿದ್ದ, ತೂಕ ಕಡಿಮೆ ಇದ್ದ, ಶಿಶು ಘಟಕದಲ್ಲಿ ಇದ್ದು ಬಂದ, ಫಿಟ್ಸ್ ಬಂದಿದ್ದ ಕೂಸುಗಳ ಪಟ್ಟಿ ನಿಮ್ಮ ಹತ್ತಿರವೇ ಇರುತ್ತದೆ. ಆ ಮೂರನೇ ತಿಂಗಳ ಭೇಟಿಯಲ್ಲಿ ತಾಯಿಗೆ ಮೂರು ಪ್ರಶ್ನೆ ಕೇಳಿ. ಮಗು ನಿನ್ನ ಮುಖ ನೋಡಿ ನಗುತ್ತದೆಯೆ? ನೀನು ಆ ಕಡೆ ಈ ಕಡೆ ಹೋದರೆ ಕಣ್ಣು ಹಿಂಬಾಲಿಸುತ್ತದೆಯೆ? ತನ್ನ ಕೈಯನ್ನು ತಾನು ನೋಡಿಕೊಳ್ಳುತ್ತದೆಯೆ? ಮಾತಾಡದೆ, ಬಳೆ ಸದ್ದು ಮಾಡದೆ ನೀವೂ ಒಮ್ಮೆ ಪರೀಕ್ಷಿಸಿ. ಸದ್ದಿಗೆ ತಿರುಗುವ ಮಗು ನೋಟಕ್ಕೆ ತಿರುಗಿತು ಎಂದು ಮೋಸಹೋಗುವುದು ಸುಲಭ. ದಿನ ತುಂಬದೆ ಹುಟ್ಟಿದ ಕೂಸಾದರೆ, ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟು ವಾರ ಕಳೆದು ವಯಸ್ಸು ಲೆಕ್ಕ ಹಾಕಿ. ಕೆಲವು ಮಕ್ಕಳಿಗೆ ನೋಟ ತಡವಾಗಿ ತಾನೇ ಬರುತ್ತದೆ, ಅದು ನಿಜ. ಆದರೆ ಯಾರಿಗೆ ತಾನೇ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ತೀರ್ಮಾನಿಸಬೇಕಾದವರು ವೈದ್ಯರು. ಆ ಪ್ರಶ್ನೆಗಳಿಗೆ ಉತ್ತರ ಇಲ್ಲ ಎಂದು ಬಂದರೆ ಆರನೇ ತಿಂಗಳ ಭೇಟಿಗೆ ಕಾಯದೆ, ಆ ವಾರವೇ ಮಗುವನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿ.

ಕೇಳುಗರೆ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಮೂರು ತಿಂಗಳು ದಾಟಿದ, ಹುಟ್ಟುವಾಗ ಕಷ್ಟಪಟ್ಟ ಕೂಸಿದ್ದರೆ ನಾಳೆ ಬೆಳಿಗ್ಗೆ ಈ ಮೂರು ಪ್ರಶ್ನೆಗಳನ್ನು ಕೇಳಿ. ಕಣ್ಣು ಸರಿಯಿದೆ ಎಂಬ ಮಾತಿಗೆ ಸಮಾಧಾನಪಟ್ಟು ಮನೆಗೆ ಹಿಂದಿರುಗಬೇಡಿ. ಹಾಗಾದರೆ ಮಗು ಏಕೆ ನೋಡುತ್ತಿಲ್ಲ ಎಂದು ವೈದ್ಯರನ್ನು ಕೇಳಿ, ಉತ್ತರ ಸಿಗುವ ತನಕ ಕೇಳಿ.